ಕ್ಯಾನ್ಸರ್ ಆಪರೇಷನ್‌ಗೆ ದಿನ ಗೊತ್ತಾಗಿದೆಯೇ? ಮೊದಲು ತೂಕ ನೋಡಿ. ಪ್ರೋಟೀನ್ ಪೌಡರ್, ಪಥ್ಯ, ಉಪವಾಸದ ಬಗ್ಗೆ ತಿಳಿಯಬೇಕಾದ್ದು ಇಲ್ಲಿದೆ

ಕ್ಯಾನ್ಸರ್ ಎಂದು ಗೊತ್ತಾದ ದಿನದಿಂದ ಆಪರೇಷನ್ ನಡೆಯುವ ದಿನದವರೆಗೆ ಸಾಮಾನ್ಯವಾಗಿ ಕೆಲವು ವಾರಗಳೇ ಕಳೆಯುತ್ತವೆ. ಮನೆಯವರು ಸ್ಕ್ಯಾನ್‌ಗೆ ಓಡಾಡುತ್ತಾರೆ, ಬಯಾಪ್ಸಿ ರಿಪೋರ್ಟ್‌ಗೆ ಕಾಯುತ್ತಾರೆ, ಹಣ ಹೊಂದಿಸುತ್ತಾರೆ, ರಕ್ತ ಕೊಡುವವರನ್ನು ಹುಡುಕುತ್ತಾರೆ. ಇಷ್ಟರ ನಡುವೆ ರೋಗಿ ದಿನಕ್ಕೆ ಎಷ್ಟು ತಿನ್ನುತ್ತಿದ್ದಾರೆ, ಎಷ್ಟು ಕೆಜಿ ಇಳಿದಿದ್ದಾರೆ ಎಂದು ನೋಡುವವರು ಕಡಿಮೆ. "ಆಪರೇಷನ್ ಒಂದು ಆಗಿಬಿಡಲಿ, ಆಮೇಲೆ ಚೆನ್ನಾಗಿ ತಿನ್ನಿಸೋಣ" ಎಂಬ ಮಾತೇ ಹೆಚ್ಚಿನ ಮನೆಗಳಲ್ಲಿ ಕೇಳಿಬರುತ್ತದೆ.

ವೈದ್ಯಕೀಯ ಲೆಕ್ಕಾಚಾರ ಇದಕ್ಕೆ ಪೂರ್ತಿ ಉಲ್ಟಾ ಇದೆ. ಆಪರೇಷನ್‌ಗೆ ಮೊದಲಿನ ಎರಡು ವಾರ ದೇಹಕ್ಕೆ ಏನು ಸಿಕ್ಕಿತು ಎಂಬುದರ ಮೇಲೆ ಗಾಯ ಮಾಯುವುದು, ಸೋಂಕು ತಗುಲದಿರುವುದು, ಬೇಗ ಮನೆಗೆ ಮರಳುವುದು ನಿಂತಿರುತ್ತದೆ. ಕೆಲವು ರೋಗಿಗಳಲ್ಲಿ ಜೀವ ಉಳಿಯುವುದೂ ಇದರ ಮೇಲೆ ಅವಲಂಬಿಸಿರುತ್ತದೆ. ಹಾಗಾದರೆ ಯಾರಿಗೆ ಹೆಚ್ಚುವರಿ ಪೋಷಣೆ ಬೇಕು? ದುಬಾರಿ ಪೌಡರ್ ಡಬ್ಬಿ ತಂದರೆ ಸಾಕೇ? ಆಪರೇಷನ್ ಹಿಂದಿನ ರಾತ್ರಿ ಪೂರ್ತಿ ಉಪವಾಸ ಇರಬೇಕೇ? ಒಂದೊಂದಾಗಿ ನೋಡೋಣ.

ಅಂಕಿಅಂಶ ಏನು ಹೇಳುತ್ತದೆ?

ಜಠರ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಮಾಡಿಸಿಕೊಂಡ ರೋಗಿಗಳ ಕುರಿತ ಒಂದು ದೊಡ್ಡ ಅಂತಾರಾಷ್ಟ್ರೀಯ ಅಧ್ಯಯನ 2023ರಲ್ಲಿ 'ದಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಪ್ರಕಟವಾಯಿತು. 75 ದೇಶಗಳ 381 ಆಸ್ಪತ್ರೆಗಳ 5,709 ರೋಗಿಗಳನ್ನು ಅದರಲ್ಲಿ ಗಮನಿಸಲಾಗಿತ್ತು. ಅವರಲ್ಲಿ ಮೂರರಲ್ಲಿ ಒಬ್ಬರು ತೀವ್ರ ಅಪೌಷ್ಟಿಕತೆಯಿಂದ ಬಳಲುತ್ತಿದ್ದರು.

ಕಡಿಮೆ ಆದಾಯದ ಮತ್ತು ಕೆಳ ಮಧ್ಯಮ ಆದಾಯದ ದೇಶಗಳಲ್ಲಿ ಈ ಪ್ರಮಾಣ ಶೇ.62.5. ಭಾರತ ಬರುವುದು ಈ ಗುಂಪಿನಲ್ಲೇ. ಇಂಥ ದೇಶಗಳಲ್ಲಿ ಆಪರೇಷನ್ ನಂತರ ಬೇಗನೆ ಸಂಭವಿಸುವ ಸಾವುಗಳಲ್ಲಿ ಸುಮಾರು ಶೇ.32ರಷ್ಟಕ್ಕೆ ತೀವ್ರ ಅಪೌಷ್ಟಿಕತೆಯ ನಂಟಿದೆ ಎಂದು ಸಂಶೋಧಕರು ಅಂದಾಜಿಸಿದ್ದಾರೆ.

ಇದು ಹೊಸದಾಗಿ ಕಂಡುಕೊಂಡ ಸಂಗತಿಯೂ ಅಲ್ಲ. ಅಮೆರಿಕದ ಸರ್ಜನ್ ಹೈರಮ್ ಸ್ಟಡ್ಲಿ 1936ರಲ್ಲೇ ಇದನ್ನು ಗುರುತಿಸಿದ್ದರು. ಅವರು ನೋಡಿದ್ದು ಕ್ಯಾನ್ಸರ್ ರೋಗಿಗಳನ್ನಲ್ಲ, ಹೊಟ್ಟೆಯ ಹುಣ್ಣಿಗೆ (ಅಲ್ಸರ್) ಆಪರೇಷನ್ ಆದವರನ್ನು. ಆಪರೇಷನ್‌ಗೆ ಮೊದಲು ತೂಕದಲ್ಲಿ ಶೇ.20ಕ್ಕಿಂತ ಹೆಚ್ಚು ಕಳೆದುಕೊಂಡಿದ್ದವರಲ್ಲಿ ಮೂರರಲ್ಲಿ ಒಬ್ಬರು ಸಾವನ್ನಪ್ಪಿದ್ದರು. ಉಳಿದವರಲ್ಲಿ ಸಾವಿನ ಪ್ರಮಾಣ ಸುಮಾರು ಶೇ.3.5 ಮಾತ್ರ. ಸರ್ಜರಿಯ ಅಪಾಯವನ್ನು ಅಳೆಯಲು ತೂಕದ ಯಂತ್ರವೂ ಒಂದು ಸಾಧನ ಎಂದು ಅಂದೇ ಗೊತ್ತಾಗಿತ್ತು.

ಕ್ಯಾನ್ಸರ್ ರೋಗಿಯ ತೂಕ ಇಳಿಯುವುದೇಕೆ?

ಊಟ ಕಡಿಮೆಯಾಗುವುದು ಒಂದು ಕಾರಣ ಮಾತ್ರ. ಬಾಯಿ, ಗಂಟಲು, ಅನ್ನನಾಳದಲ್ಲಿ ಗಡ್ಡೆ ಇದ್ದರೆ ನುಂಗಲು ಆಗುವುದಿಲ್ಲ. ಜಠರದಲ್ಲಿದ್ದರೆ ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲಿ ತಿಂದದ್ದು, ಅದರಲ್ಲೂ ಜಿಡ್ಡಿನ ಅಂಶ, ಸರಿಯಾಗಿ ಜೀರ್ಣವಾಗುವುದಿಲ್ಲ. ಆಪರೇಷನ್‌ಗೆ ಮೊದಲೇ ಕೀಮೋ ಅಥವಾ ರೇಡಿಯೇಷನ್ ಆಗಿದ್ದರೆ ವಾಕರಿಕೆ, ಬಾಯಿ ಹುಣ್ಣು, ರುಚಿ ಕೆಡುವುದು ಸೇರಿಕೊಳ್ಳುತ್ತವೆ. ಇದರ ಜತೆಗೆ ಪರೀಕ್ಷೆಗಳಿಗಾಗಿ ಪದೇ ಪದೇ ಖಾಲಿ ಹೊಟ್ಟೆಯಲ್ಲಿ ಇರಬೇಕಾಗುತ್ತದೆ.

ಇನ್ನೊಂದು ಕಾರಣ ಕಣ್ಣಿಗೆ ಕಾಣುವಂಥದ್ದಲ್ಲ. ಗಡ್ಡೆ ಮತ್ತು ಅದರ ವಿರುದ್ಧ ಹೋರಾಡುವ ರೋಗನಿರೋಧಕ ವ್ಯವಸ್ಥೆ ಸೇರಿ ಉರಿಯೂತ ಉಂಟುಮಾಡುವ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತವೆ. ಇವು ಹಸಿವನ್ನು ಕೊಲ್ಲುತ್ತವೆ, ಸ್ನಾಯುವನ್ನು ಕರಗಿಸುತ್ತವೆ. ಆದ್ದರಿಂದಲೇ "ಊಟ ಮಾಡ್ತಾನೇ ಇದ್ದಾರೆ, ಆದರೂ ಸೊರಗುತ್ತಿದ್ದಾರೆ" ಎಂದು ಮನೆಯವರು ಹೇಳುವುದು.

ದಪ್ಪಗಿರುವವರಿಗೆ ಈ ತೊಂದರೆ ಇಲ್ಲ ಎಂದುಕೊಳ್ಳುವಂತಿಲ್ಲ. 85 ಕೆಜಿ ಇದ್ದವರು ಮೂರು ತಿಂಗಳಲ್ಲಿ 75ಕ್ಕೆ ಇಳಿದರೆ ನೋಡಲು ಚೆನ್ನಾಗಿಯೇ ಕಾಣುತ್ತಾರೆ. "ತೂಕ ಇಳಿದದ್ದು ಒಳ್ಳೆಯದೇ ಆಯ್ತು" ಎನ್ನುವವರೂ ಇರುತ್ತಾರೆ. ಆದರೆ ಕರಗಿದ್ದು ಕೊಬ್ಬು ಮಾತ್ರವಲ್ಲ, ಸ್ನಾಯುವೂ ಹೋಗಿರುತ್ತದೆ.

ಆಪರೇಷನ್ ಸಮಯದಲ್ಲಿ ದೇಹದಲ್ಲಿ ಏನಾಗುತ್ತದೆ?

ದೊಡ್ಡ ಆಪರೇಷನ್ ಎಂದರೆ ದೇಹದ ಪಾಲಿಗೆ ದೊಡ್ಡ ಪೆಟ್ಟು. ಕಾರ್ಟಿಸಾಲ್, ಅಡ್ರಿನಲಿನ್‌ನಂಥ ಹಾರ್ಮೋನುಗಳು ಏರುತ್ತವೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಹೀಗಾಗಿ ಶುಗರ್ ಇಲ್ಲದವರಲ್ಲೂ ರಕ್ತದ ಸಕ್ಕರೆ ಏರಬಹುದು. ಗಾಯ ಮಾಯಿಸಲು, ಸೋಂಕಿನ ವಿರುದ್ಧ ಹೋರಾಡಲು ದೇಹಕ್ಕೆ ಅಮೈನೋ ಆಮ್ಲಗಳು ಬೇಕು. ಊಟದಿಂದ ಸಿಗದಿದ್ದರೆ ದೇಹ ತನ್ನದೇ ಸ್ನಾಯುವನ್ನು ಒಡೆದು ಅವನ್ನು ಪಡೆದುಕೊಳ್ಳುತ್ತದೆ.

ಮೊದಲೇ ಸ್ನಾಯು ಕರಗಿದ್ದವರಲ್ಲಿ ಒಡೆಯಲು ಉಳಿದಿರುವುದೇ ಕಡಿಮೆ. ಪರಿಣಾಮ ಹೀಗಿರುತ್ತದೆ: ಹೊಲಿಗೆ ಹಾಕಿದ ಜಾಗ ಬೇಗ ಕೂಡುವುದಿಲ್ಲ. ಕರುಳಿನ ಒಂದು ಭಾಗ ತೆಗೆದು ಎರಡು ತುದಿಗಳನ್ನು ಜೋಡಿಸಿದ್ದರೆ, ಆ ಜೋಡಣೆ ಬಿಟ್ಟುಕೊಂಡು ಸೋರುವ ಅಪಾಯ ಹೆಚ್ಚುತ್ತದೆ. ಎದೆಯ ಸ್ನಾಯುಗಳು ಸೋತಿರುವುದರಿಂದ ಗಟ್ಟಿಯಾಗಿ ಕೆಮ್ಮಲು ಆಗದೆ ಕಫ ಕಟ್ಟಿ ನ್ಯುಮೋನಿಯಾ ಬರಬಹುದು. ಚೇತರಿಕೆ ತಡವಾದರೆ ನಂತರ ಕೊಡಬೇಕಾದ ಕೀಮೋ ಅಥವಾ ರೇಡಿಯೇಷನ್ ಕೂಡ ಮುಂದಕ್ಕೆ ಹೋಗುತ್ತದೆ.

ಅಪಾಯದಲ್ಲಿರುವವರು ಯಾರು? ಮನೆಯಲ್ಲೇ ಲೆಕ್ಕ ಹಾಕಿ

ಆಸ್ಪತ್ರೆಗಳಲ್ಲಿ 'ಎನ್‌ಆರ್‌ಎಸ್-2002', 'ಮಸ್ಟ್' ಎಂಬ ಹೆಸರಿನ ಸರಳ ಪ್ರಶ್ನಾವಳಿಗಳಿವೆ. ಅವುಗಳ ತಿರುಳು ಮೂರೇ ಪ್ರಶ್ನೆ: ಇತ್ತೀಚೆಗೆ ತೂಕ ಇಳಿದಿದೆಯೇ? ಊಟ ಕಡಿಮೆಯಾಗಿದೆಯೇ? ಎತ್ತರಕ್ಕೆ ತಕ್ಕ ತೂಕ ಇದೆಯೇ? ಇವಕ್ಕೆ ಮನೆಯಲ್ಲೇ ಉತ್ತರ ಕಂಡುಕೊಳ್ಳಬಹುದು.

ಲೆಕ್ಕ ಹೀಗೆ: ಆರು ತಿಂಗಳ ಹಿಂದಿನ ತೂಕದಿಂದ ಈಗಿನ ತೂಕ ಕಳೆಯಿರಿ. ಬಂದದ್ದನ್ನು ಹಳೆಯ ತೂಕದಿಂದ ಭಾಗಿಸಿ 100ರಿಂದ ಗುಣಿಸಿ. ಮೊದಲು 60 ಕೆಜಿ ಇದ್ದು ಈಗ 53 ಕೆಜಿ ಆಗಿದ್ದರೆ ಇಳಿದದ್ದು 7 ಕೆಜಿ, ಅಂದರೆ ಸುಮಾರು ಶೇ.11.7. ಹಳೆಯ ತೂಕ ನೆನಪಿಲ್ಲದಿದ್ದರೆ ಹಿಂದಿನ ಆಸ್ಪತ್ರೆ ಚೀಟಿಗಳನ್ನು ನೋಡಿ. ಬಳೆ, ಉಂಗುರ ಸಡಿಲವಾಗಿರುವುದು, ಬೆಲ್ಟ್‌ಗೆ ಹೊಸ ತೂತು ಹಾಕಿಸಿರುವುದು ಕೂಡ ಸುಳಿವೇ.

ಪೋಷಣೆ ಚಿಕಿತ್ಸೆಯ ಯುರೋಪಿನ ತಜ್ಞರ ಸಂಘಟನೆ 'ಎಸ್ಪೆನ್' ಪ್ರಕಾರ ಕೆಳಗಿನವುಗಳಲ್ಲಿ ಒಂದಿದ್ದರೂ ರೋಗಿಗೆ ತೀವ್ರ ಅಪಾಯವಿದೆ ಎಂದೇ ಪರಿಗಣಿಸಬೇಕು:

• ಆರು ತಿಂಗಳಲ್ಲಿ ಶೇ.10ರಿಂದ 15ಕ್ಕಿಂತ ಹೆಚ್ಚು ತೂಕ ಇಳಿದಿರುವುದು

• ಬಿಎಂಐ 18.5ಕ್ಕಿಂತ ಕಡಿಮೆ ಇರುವುದು (160 ಸೆಂ.ಮೀ. ಎತ್ತರದವರಿಗೆ ಇದು ಸುಮಾರು 47 ಕೆಜಿ)

• ಆಸ್ಪತ್ರೆಯ ಪೋಷಣೆ ತಪಾಸಣೆಯಲ್ಲಿ ತೀವ್ರ ಅಪೌಷ್ಟಿಕತೆ ಎಂದು ಬಂದಿರುವುದು

• ರಕ್ತದಲ್ಲಿ ಅಲ್ಬುಮಿನ್ 3 ಗ್ರಾಂಗಿಂತ (ಪ್ರತಿ ಡೆಸಿಲೀಟರ್‌ಗೆ) ಕಡಿಮೆ ಇದ್ದು, ಲಿವರ್ ಅಥವಾ ಕಿಡ್ನಿ ಕಾಯಿಲೆ ಇಲ್ಲದಿರುವುದು

ಅಲ್ಬುಮಿನ್ ಬಗ್ಗೆ ಒಂದು ಮಾತು. ಇದು ಕಡಿಮೆಯಾದರೆ ಪ್ರೋಟೀನ್ ಕಡಿಮೆ ತಿಂದಿದ್ದಾರೆ ಎಂದಷ್ಟೇ ಅರ್ಥವಲ್ಲ. ಉರಿಯೂತ, ಸೋಂಕು ಇದ್ದರೂ ಇಳಿಯುತ್ತದೆ. ಹಾಗಾಗಿ ಅಲ್ಬುಮಿನ್ ಬಾಟಲಿ ಏರಿಸಿ ರಿಪೋರ್ಟ್‌ನಲ್ಲಿ ಸಂಖ್ಯೆ ಸರಿ ಮಾಡಿದ ಮಾತ್ರಕ್ಕೆ ಪೋಷಣೆ ಸರಿಹೋಗುವುದಿಲ್ಲ.

ಆಪರೇಷನ್ ಮುಂದೂಡಿದರೆ ಗಡ್ಡೆ ಬೆಳೆಯುವುದಿಲ್ಲವೇ?

ಹೆಚ್ಚಿನ ಕುಟುಂಬಗಳ ದೊಡ್ಡ ಭಯ ಇದೇ. "ಎರಡು ವಾರ ಬಿಟ್ಟು ಬನ್ನಿ, ಸ್ವಲ್ಪ ತೂಕ ಹೆಚ್ಚಿಸಿಕೊಳ್ಳಿ" ಎಂದು ಡಾಕ್ಟರ್ ಹೇಳಿದರೆ, ತಮ್ಮನ್ನು ಸಾಗಹಾಕುತ್ತಿದ್ದಾರೆ ಎಂದುಕೊಂಡು ಬೇರೆ ಆಸ್ಪತ್ರೆಗೆ ಹೋಗುವವರಿದ್ದಾರೆ.

ಆದರೆ ತೀವ್ರ ಅಪಾಯದಲ್ಲಿರುವ ರೋಗಿಗೆ ದೊಡ್ಡ ಆಪರೇಷನ್‌ಗೆ ಮೊದಲು 7ರಿಂದ 14 ದಿನ ಪೋಷಣೆ ಚಿಕಿತ್ಸೆ ಕೊಡಬೇಕು, ಅದಕ್ಕಾಗಿ ಕ್ಯಾನ್ಸರ್ ಆಪರೇಷನ್ ಮುಂದೂಡಬೇಕಾಗಿ ಬಂದರೂ ಸರಿ ಎಂದು ಎಸ್ಪೆನ್ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಬಹುತೇಕ ಗಟ್ಟಿ ಗಡ್ಡೆಗಳು ಹುಟ್ಟಿ ಈ ಹಂತಕ್ಕೆ ಬರಲು ತಿಂಗಳುಗಳು, ವರ್ಷಗಳು ಹಿಡಿದಿರುತ್ತವೆ. ಹತ್ತು ದಿನದ ವಿಳಂಬಕ್ಕಿಂತ ಕೂಡದ ಗಾಯ, ಸೋರುವ ಕರುಳು ದೊಡ್ಡ ಅಪಾಯ. ಕರುಳು ಪೂರ್ತಿ ಕಟ್ಟಿಕೊಂಡಿರುವುದು, ರಕ್ತಸ್ರಾವ ನಿಲ್ಲದಿರುವಂಥ ತುರ್ತು ಸ್ಥಿತಿಗಳಲ್ಲಿ ಮಾತ್ರ ಕಾಯಲು ಆಗದು. ಯಾರಿಗೆ ಎಷ್ಟು ದಿನ ಎಂಬುದನ್ನು ಸರ್ಜನ್ ನಿರ್ಧರಿಸುತ್ತಾರೆ.

ತೂಕ ಇಳಿಯದವರು, ಚೆನ್ನಾಗಿ ತಿನ್ನುತ್ತಿರುವವರು ಇದಕ್ಕಾಗಿ ಆಪರೇಷನ್ ಮುಂದೂಡುವ ಅಗತ್ಯವಿಲ್ಲ.

ದಿನಕ್ಕೆ ಎಷ್ಟು ಬೇಕು?

ಎಸ್ಪೆನ್ ಪ್ರಕಾರ ಆಪರೇಷನ್ ರೋಗಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 25ರಿಂದ 30 ಕಿಲೋ ಕ್ಯಾಲರಿ ಮತ್ತು ಸುಮಾರು 1.5 ಗ್ರಾಂ ಪ್ರೋಟೀನ್ ಬೇಕು. ಇಲ್ಲಿ ತೂಕ ಎಂದರೆ ಎತ್ತರಕ್ಕೆ ತಕ್ಕ ತೂಕ. ಆರೋಗ್ಯವಂತ ವಯಸ್ಕರಿಗೆ ಐಸಿಎಂಆರ್-ಎನ್‌ಐಎನ್ 2020ರಲ್ಲಿ ಸೂಚಿಸಿದ ಪ್ರೋಟೀನ್ ಪ್ರಮಾಣ ಪ್ರತಿ ಕೆಜಿಗೆ 0.83 ಗ್ರಾಂ. ಅಂದರೆ ಆಪರೇಷನ್ ರೋಗಿಗೆ ಬೇಕಿರುವುದು ಹೆಚ್ಚುಕಡಿಮೆ ಅದರ ದುಪ್ಪಟ್ಟು. 50 ಕೆಜಿಯವರಿಗೆ ದಿನಕ್ಕೆ 1,250ರಿಂದ 1,500 ಕಿಲೋ ಕ್ಯಾಲರಿ, 75 ಗ್ರಾಂ ಪ್ರೋಟೀನ್ ಎಂದಾಯಿತು.

ಈಗ ರೋಗಿಗೆ ಸಾಮಾನ್ಯವಾಗಿ ಸಿಗುವುದೇನು ನೋಡಿ. ಒಂದು ಹಿಡಿ, ಅಂದರೆ 30 ಗ್ರಾಂ ಅಕ್ಕಿಯ ಗಂಜಿಯಲ್ಲಿ ಇರುವುದು ಸುಮಾರು 100 ಕಿಲೋ ಕ್ಯಾಲರಿ, ಎರಡೂವರೆ ಗ್ರಾಂ ಪ್ರೋಟೀನ್. ದಿನಕ್ಕೆ ನಾಲ್ಕು ಬಾರಿ ಗಂಜಿ, ಎಳನೀರು, ಬೇಳೆ ಕಟ್ಟಿನ ತಿಳಿ ಸಾರು ಕುಡಿದರೂ ಪ್ರೋಟೀನ್ 20 ಗ್ರಾಂ ದಾಟುವುದು ಕಷ್ಟ. ಹೊಟ್ಟೆ ತುಂಬಿರುತ್ತದೆ, ಆದರೆ ದೇಹ ಉಪವಾಸ ಇರುತ್ತದೆ.

75 ಗ್ರಾಂ ಪ್ರೋಟೀನ್‌ಗೆ ಸಸ್ಯಾಹಾರಿ ಊಟದ ಒಂದು ಲೆಕ್ಕ ಇಲ್ಲಿದೆ (ಎಲ್ಲವೂ ಬೇಯಿಸುವ ಮೊದಲಿನ ತೂಕ, ಅಂದಾಜು ಲೆಕ್ಕ):

• ಹಾಲು ಎರಡು ಲೋಟ (400 ಮಿ.ಲೀ.): 13 ಗ್ರಾಂ

• ಗಟ್ಟಿ ಮೊಸರು ಒಂದು ಬಟ್ಟಲು (200 ಗ್ರಾಂ): 6 ಗ್ರಾಂ

• ತೊಗರಿಬೇಳೆ, ಹೆಸರುಕಾಳು ಅಥವಾ ಹುರುಳಿ (60 ಗ್ರಾಂ): 13 ಗ್ರಾಂ

• ಪನೀರ್ (50 ಗ್ರಾಂ): 9 ಗ್ರಾಂ

• ಶೇಂಗಾ ಅಥವಾ ಶೇಂಗಾ ಚಟ್ನಿಪುಡಿ (30 ಗ್ರಾಂ): 7 ಗ್ರಾಂ

• ಸೋಯಾ ಚಂಕ್ಸ್ (30 ಗ್ರಾಂ): 15 ಗ್ರಾಂ

• ಜೋಳ, ರಾಗಿ, ಅಕ್ಕಿ ಎಲ್ಲ ಸೇರಿ (150 ಗ್ರಾಂ): 12 ಗ್ರಾಂ

ಮೊಟ್ಟೆ ತಿನ್ನುವವರಿಗೆ ಕೆಲಸ ಸುಲಭ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಮೂಳೆಯಿಲ್ಲದ 100 ಗ್ರಾಂ ಕೋಳಿ ಮಾಂಸ ಅಥವಾ ಮೀನಿನಲ್ಲಿ ಸುಮಾರು 20 ಗ್ರಾಂ ಇರುತ್ತದೆ. ರಾಗಿ ಗಂಜಿಗೆ ನೀರಿನ ಬದಲು ಹಾಲು ಹಾಕುವುದು, ಅದಕ್ಕೆ ಶೇಂಗಾ ಪುಡಿ ಬೆರೆಸುವುದು, ಅನ್ನಕ್ಕೆ ಒಂದು ಚಮಚ ತುಪ್ಪ ಹೆಚ್ಚು ಹಾಕುವುದು, ಹುರಿಹಿಟ್ಟನ್ನು ಹಾಲಿನಲ್ಲಿ ಕಲಸಿ ಕೊಡುವುದು ಇಂಥ ಸಣ್ಣ ಬದಲಾವಣೆಗಳಿಂದಲೇ ದೊಡ್ಡ ವ್ಯತ್ಯಾಸವಾಗುತ್ತದೆ. ಮೂರು ಹೊತ್ತು ತಟ್ಟೆ ತುಂಬ ಬಡಿಸುವ ಬದಲು ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡುವುದು ಒಳ್ಳೆಯದು.

ಪೌಡರ್ ಯಾವಾಗ ಬೇಕು?

ಊಟದಿಂದ ಬೇಕಾದಷ್ಟು ಸಿಗದಿದ್ದಾಗ ಮಾತ್ರ. ಹಸಿವಿಲ್ಲದ, ನುಂಗಲು ಕಷ್ಟಪಡುವ ರೋಗಿ ಮೇಲಿನ ಪಟ್ಟಿಯ ಅರ್ಧವನ್ನೂ ತಿನ್ನಲಾರರು. ಅಂಥವರಿಗೆ ವೈದ್ಯರು ಬಾಯಿಯ ಮೂಲಕ ಕೊಡುವ ಪೂರಕ ಪೋಷಣೆಯನ್ನು ಬರೆದುಕೊಡುತ್ತಾರೆ. ಇದು ಪೌಡರ್ ಅಥವಾ ಕುಡಿಯಲು ಸಿದ್ಧವಿರುವ ದ್ರವ. ಕ್ಯಾಲರಿ, ಪ್ರೋಟೀನ್, ವಿಟಮಿನ್, ಖನಿಜ ಎಲ್ಲ ಲೆಕ್ಕ ಹಾಕಿ ಬೆರೆಸಿರುತ್ತಾರೆ. ಗುಟುಕು ಗುಟುಕಾಗಿ ಕುಡಿದರೂ ಕಡಿಮೆ ಪ್ರಮಾಣದಲ್ಲೇ ಹೆಚ್ಚು ಪೋಷಣೆ ಸಿಗುತ್ತದೆ ಎಂಬುದೇ ಇದರ ಅನುಕೂಲ.

ಅಂಗಡಿಯಲ್ಲಿ ಸಿಗುವ ಚಾಕೊಲೇಟ್ ರುಚಿಯ 'ಹೆಲ್ತ್ ಡ್ರಿಂಕ್' ಬೇರೆ, ಇದು ಬೇರೆ. ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ವಿಭಾಗದಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯ ಏಪ್ರಿಲ್ 2024ರಲ್ಲಿ ಇ-ಕಾಮರ್ಸ್ ಕಂಪನಿಗಳಿಗೆ ಸೂಚಿಸಿತ್ತು. ಹಲವು ಡಬ್ಬಿಗಳಲ್ಲಿ ಸಕ್ಕರೆಯೇ ಮುಖ್ಯ, ಪ್ರೋಟೀನ್ ಅಲ್ಪ. ಜಿಮ್‌ಗೆ ಹೋಗುವವರ ವೇ ಪ್ರೋಟೀನ್‌ನಲ್ಲಿ ಪ್ರೋಟೀನ್ ಇದೆ, ಆದರೆ ರೋಗಿಗೆ ಬೇಕಾದ ಕ್ಯಾಲರಿ ಮತ್ತು ಉಳಿದ ಪೋಷಕಾಂಶಗಳು ಬೇಕಾದಷ್ಟು ಇರುವುದಿಲ್ಲ.

ಕೊಳ್ಳುವಾಗ ಗಮನಿಸಬೇಕಾದ್ದು:

• ಲೇಬಲ್‌ನಲ್ಲಿ ಒಂದು ಬಾರಿ ಕುಡಿಯುವ ಪ್ರಮಾಣಕ್ಕೆ ಪ್ರೋಟೀನ್ ಎಷ್ಟು ಗ್ರಾಂ, ಕ್ಯಾಲರಿ ಎಷ್ಟು ಎಂದು ಓದಿ. '100 ಗ್ರಾಂಗೆ' ಎಂದಿರುವ ಸಂಖ್ಯೆ ನೋಡಿ ಮೋಸ ಹೋಗಬೇಡಿ, ಒಂದು ಲೋಟಕ್ಕೆ ಹಾಕುವುದು ಅದರ ಒಂದು ಭಾಗ ಮಾತ್ರ.

• ವಿಶೇಷ ವೈದ್ಯಕೀಯ ಉದ್ದೇಶದ ಆಹಾರಕ್ಕೆ ಎಫ್‌ಎಸ್‌ಎಸ್‌ಎಐ ನಿಯಮದಂತೆ 'ವೈದ್ಯರ ಸಲಹೆಯ ಮೇರೆಗೆ ಮಾತ್ರ ಬಳಸಿ' ಎಂಬರ್ಥದ ಸೂಚನೆ ಲೇಬಲ್ ಮೇಲೆ ಇರಬೇಕು.

• ಶುಗರ್ ಇರುವವರಿಗೆ, ಕಿಡ್ನಿ ತೊಂದರೆ ಇರುವವರಿಗೆ ಬೇರೆ ಬೇರೆ ಬಗೆಯವು ಇವೆ. ಪಕ್ಕದ ಬೆಡ್‌ನವರು ಕುಡಿಯುತ್ತಿದ್ದಾರೆ ಎಂದು ಅದನ್ನೇ ತರಬೇಡಿ.

• ಊಟದ ಬದಲಿಗೆ ಅಲ್ಲ, ಎರಡು ಊಟಗಳ ನಡುವೆ ಕೊಡಿ. ಊಟಕ್ಕೆ ಮುಂಚೆ ಕುಡಿಸಿದರೆ ಇರುವ ಹಸಿವೂ ಹೋಗುತ್ತದೆ.

• ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ಹೆಚ್ಚು ನೀರು ಹಾಕಿ ತೆಳ್ಳಗೆ ಮಾಡಬೇಡಿ. ಡಬ್ಬಿ ಹೆಚ್ಚು ದಿನ ಬರಲಿ ಎಂದು ಅರ್ಧ ಚಮಚ ಹಾಕಿದರೆ ಹಣವೂ ವ್ಯರ್ಥ.

ಡಬ್ಬಿ ಕೊಳ್ಳಲು ಶಕ್ತಿಯಿಲ್ಲದವರು ನಿರಾಶರಾಗಬೇಕಿಲ್ಲ. ನುಂಗಲು ಆಗುತ್ತಿದ್ದರೆ ಹಾಲು, ಹಾಲಿನ ಪುಡಿ, ಶೇಂಗಾ, ಹುರಿಗಡಲೆ, ಮೊಟ್ಟೆಯಿಂದಲೇ ಕೊರತೆಯ ದೊಡ್ಡ ಪಾಲನ್ನು ತುಂಬಬಹುದು. ಆಸ್ಪತ್ರೆಯ ಡಯಟಿಷಿಯನ್ ಬಳಿ "ಇಷ್ಟು ಹಣ ಮಾತ್ರ ಖರ್ಚು ಮಾಡಬಲ್ಲೆವು" ಎಂದು ಮುಚ್ಚುಮರೆಯಿಲ್ಲದೆ ಹೇಳಿದರೆ ಅದಕ್ಕೆ ತಕ್ಕ ಪಟ್ಟಿ ಹಾಕಿಕೊಡುತ್ತಾರೆ.

'ಇಮ್ಯುನೋ ನ್ಯೂಟ್ರಿಷನ್' ಎಂದರೇನು?

ದೊಡ್ಡ ಆಸ್ಪತ್ರೆಗಳಲ್ಲಿ ಈ ಹೆಸರು ಕೇಳಿಬರುತ್ತದೆ. ಅರ್ಜಿನಿನ್ ಎಂಬ ಅಮೈನೋ ಆಮ್ಲ, ಮೀನೆಣ್ಣೆಯಲ್ಲಿ ಇರುವ ಒಮೆಗಾ-3 ಮತ್ತು ನ್ಯೂಕ್ಲಿಯೋಟೈಡ್‌ಗಳನ್ನು ಬೆರೆಸಿದ ವಿಶೇಷ ಪಾನೀಯ ಇದು. ಸಾಮಾನ್ಯವಾಗಿ ಆಪರೇಷನ್‌ಗೆ ಮೊದಲು 5ರಿಂದ 7 ದಿನ ಕೊಡುತ್ತಾರೆ.

2002ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ಜೀರ್ಣಾಂಗದ ಕ್ಯಾನ್ಸರ್ ಇದ್ದ 305 ರೋಗಿಗಳನ್ನು ಗಮನಿಸಲಾಗಿತ್ತು. ಇದನ್ನು ಕುಡಿದು ಆಪರೇಷನ್‌ಗೆ ಹೋದವರಲ್ಲಿ ಸುಮಾರು ಶೇ.14ರಷ್ಟು ಮಂದಿಗೆ, ಕುಡಿಯದವರಲ್ಲಿ ಸುಮಾರು ಶೇ.30ರಷ್ಟು ಮಂದಿಗೆ ಸೋಂಕು ತಗುಲಿತ್ತು. ಆದರೆ ನಂತರದ ಅಧ್ಯಯನಗಳೆಲ್ಲ ಒಂದೇ ಉತ್ತರ ಕೊಟ್ಟಿಲ್ಲ. ಕೆಲವು ಕಡೆ ಲಾಭ ಕಂಡಿದೆ, ಕೆಲವು ಕಡೆ ಸಾಮಾನ್ಯ ಪೂರಕಕ್ಕಿಂತ ಹೆಚ್ಚೇನೂ ಕಂಡಿಲ್ಲ. ದೊಡ್ಡ ಕ್ಯಾನ್ಸರ್ ಆಪರೇಷನ್ ಆಗುವ, ಅಪೌಷ್ಟಿಕತೆ ಇರುವ ರೋಗಿಗಳಿಗೆ ಮಾತ್ರ ಎಸ್ಪೆನ್ ಇದನ್ನು ಸೂಚಿಸುತ್ತದೆ. ತೀವ್ರ ಸೋಂಕು ರಕ್ತಕ್ಕೆ ಹರಡಿರುವವರಿಗೆ ಅರ್ಜಿನಿನ್ ಒಳ್ಳೆಯದಲ್ಲ. ಬೆಲೆಯೂ ಹೆಚ್ಚು. ಆದ್ದರಿಂದ ಡಾಕ್ಟರ್ ಹೇಳಿದರೆ ಮಾತ್ರ ಕೊಳ್ಳಿ.

ನುಂಗಲು ಆಗದಿದ್ದರೆ?

ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ನಮ್ಮ ದೇಶದಲ್ಲಿ ಹೆಚ್ಚು. ಇಂಥ ರೋಗಿಗಳಿಗೆ ಮೂಗಿನಿಂದ ಜಠರಕ್ಕೆ ಸಣ್ಣ ನಳಿಕೆ ಹಾಕಿ ದ್ರವ ಆಹಾರ ಕೊಡುತ್ತಾರೆ. ಆಸ್ಪತ್ರೆಗಳಲ್ಲಿ ಇದನ್ನು 'ರೈಲ್ಸ್ ಟ್ಯೂಬ್' ಎನ್ನುತ್ತಾರೆ. ಅನ್ನನಾಳದ ಆಪರೇಷನ್ ಆದವರಿಗೆ ಕೆಲವೊಮ್ಮೆ ಹೊಟ್ಟೆಯ ಮೇಲಿಂದ ಸಣ್ಣ ಕರುಳಿಗೆ ನೇರವಾಗಿ ನಳಿಕೆ ಇಡುತ್ತಾರೆ. ಟ್ಯೂಬ್ ಎಂದ ಕೂಡಲೇ "ಇನ್ನು ಆಸೆಯಿಲ್ಲ" ಎಂದು ಹೆದರುವವರಿದ್ದಾರೆ. ಬಹಳಷ್ಟು ಬಾರಿ ಇದು ಕೆಲವು ವಾರಗಳ ವ್ಯವಸ್ಥೆ ಮಾತ್ರ. ಟ್ಯೂಬ್‌ನಲ್ಲೂ ಬರೀ ಗಂಜಿ ನೀರು, ಜ್ಯೂಸ್ ಹಾಕಿದರೆ ಪ್ರಯೋಜನವಿಲ್ಲ. ಏನು, ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂದು ಬರೆಸಿಕೊಳ್ಳಿ.

ಇನ್ನು "ಗ್ಲೂಕೋಸ್ ಹಾಕಿಸಿ, ಶಕ್ತಿ ಬರುತ್ತೆ" ಎಂಬ ಮಾತು. ಶೇ.5ರ ಗ್ಲೂಕೋಸ್ ಬಾಟಲಿ ಅರ್ಧ ಲೀಟರ್ ಏರಿಸಿದರೆ ಸಿಗುವುದು ಸುಮಾರು 100 ಕಿಲೋ ಕ್ಯಾಲರಿ. ಪ್ರೋಟೀನ್ ಸೊನ್ನೆ. ಪೂರ್ಣ ಪೋಷಣೆಯನ್ನು ರಕ್ತನಾಳದ ಮೂಲಕ ಕೊಡುವ ವಿಧಾನ ಬೇರೆಯೇ ಇದೆ. ಆದರೆ ಅದು ಕರುಳು ಕೆಲಸ ಮಾಡದವರಿಗೆ. ಅಮೆರಿಕದಲ್ಲಿ 395 ರೋಗಿಗಳ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದರಿಂದ ತೀವ್ರ ಅಪೌಷ್ಟಿಕತೆ ಇದ್ದವರಿಗೆ ಲಾಭವಾಗಿತ್ತು. ಉಳಿದವರಲ್ಲಿ ಸೋಂಕು ಹೆಚ್ಚಾಗಿತ್ತು. ಕರುಳು ಕೆಲಸ ಮಾಡುತ್ತಿದ್ದರೆ ಕರುಳನ್ನೇ ಬಳಸಿ ಎಂಬುದು ಇಂದಿನ ನಿಯಮ.

ಎಚ್ಚರಿಕೆ: ಹತ್ತು ಹದಿನೈದು ದಿನ ಹೆಚ್ಚುಕಡಿಮೆ ಏನೂ ತಿನ್ನದೆ ಇದ್ದವರಿಗೆ ಒಮ್ಮೆಲೇ ಹೆಚ್ಚು ಕೊಡಬಾರದು. ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಿಢೀರನೆ ಕುಸಿದು ಹೃದಯಕ್ಕೆ ತೊಂದರೆಯಾಗಬಹುದು. ಇದನ್ನು 'ರೀಫೀಡಿಂಗ್ ಸಿಂಡ್ರೋಮ್' ಎನ್ನುತ್ತಾರೆ. ಇಂಥವರಿಗೆ ವೈದ್ಯರ ನಿಗಾದಲ್ಲಿ, ಥಯಾಮಿನ್ (ವಿಟಮಿನ್ ಬಿ1) ಕೊಟ್ಟು, ನಿಧಾನವಾಗಿ ಆಹಾರ ಹೆಚ್ಚಿಸಬೇಕು.

ಆಪರೇಷನ್ ಹಿಂದಿನ ರಾತ್ರಿಯಿಂದ ಉಪವಾಸ ಬೇಕೇ?

ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಹೋಗಬಾರದು ಎಂಬುದು ಉಪವಾಸದ ಉದ್ದೇಶ. ಈಗಿನ ಮಾರ್ಗಸೂಚಿಗಳ ಪ್ರಕಾರ ಘನ ಆಹಾರವನ್ನು ಅರಿವಳಿಕೆಗೆ 6 ಗಂಟೆ ಮೊದಲು ನಿಲ್ಲಿಸಿದರೆ ಸಾಕು. ನೀರು, ಹಾಲು ಹಾಕದ ಟೀ, ತಿಳಿ ಪಾನೀಯವನ್ನು 2 ಗಂಟೆ ಮೊದಲಿನವರೆಗೂ ಕುಡಿಯಬಹುದು. ಕೆಲವು ಆಸ್ಪತ್ರೆಗಳಲ್ಲಿ ಹಿಂದಿನ ರಾತ್ರಿ ಮತ್ತು ಬೆಳಗ್ಗೆ ಕಾರ್ಬೋಹೈಡ್ರೇಟ್ ಪಾನೀಯವನ್ನೂ ಕೊಡುತ್ತಾರೆ.

ಆದರೆ ಗಡ್ಡೆಯಿಂದ ಜಠರ ಅಥವಾ ಕರುಳು ಕಟ್ಟಿಕೊಂಡವರಿಗೆ, ಶುಗರ್‌ನಿಂದ ಜಠರ ನಿಧಾನವಾಗಿ ಖಾಲಿಯಾಗುವವರಿಗೆ ಇದು ಅನ್ವಯಿಸದು. ಆದ್ದರಿಂದ ಅರಿವಳಿಕೆ ತಜ್ಞರು ಹೇಳಿದ ಸಮಯವನ್ನೇ ಪಾಲಿಸಿ. "ಊಟ ಎಷ್ಟು ಗಂಟೆಗೆ ನಿಲ್ಲಿಸಬೇಕು, ನೀರು ಎಷ್ಟು ಗಂಟೆಗೆ?" ಎಂದು ಬೇರೆ ಬೇರೆಯಾಗಿ ಕೇಳಿ. ಆಪರೇಷನ್ ಮಧ್ಯಾಹ್ನಕ್ಕೆ ಹೋದರೆ ಮತ್ತೆ ವಿಚಾರಿಸಿ.

ಆಪರೇಷನ್ ನಂತರ ಯಾವಾಗ ತಿನ್ನಬಹುದು?

ಹಿಂದೆಲ್ಲ ಹೊಟ್ಟೆಯ ಆಪರೇಷನ್ ಆದರೆ ಗ್ಯಾಸ್ ಹೋಗುವವರೆಗೆ ನಾಲ್ಕೈದು ದಿನ ನೀರೂ ಕೊಡುತ್ತಿರಲಿಲ್ಲ. ಡೆನ್ಮಾರ್ಕ್‌ನ ಸರ್ಜನ್ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ಈ ಪದ್ಧತಿಯನ್ನು ಪ್ರಶ್ನಿಸಿದರು. ಬೇಗ ತಿನ್ನಿಸುವುದು, ಬೇಗ ನಡೆಸುವುದು, ನೋವು ಸರಿಯಾಗಿ ಕಡಿಮೆ ಮಾಡುವುದು ಸೇರಿದರೆ ರೋಗಿ ಬೇಗ ಮನೆಗೆ ಹೋಗುತ್ತಾರೆ ಎಂದು ತೋರಿಸಿದರು. ಅದರಿಂದ ಬೆಳೆದದ್ದೇ ಇಂದಿನ 'ಇರಾಸ್' ಪದ್ಧತಿ. ಈಗ ಬಹುತೇಕ ಆಪರೇಷನ್‌ಗಳಲ್ಲಿ ಕೆಲವೇ ಗಂಟೆಗಳಲ್ಲಿ ಗುಟುಕು ದ್ರವ ಶುರು ಮಾಡುತ್ತಾರೆ. ಅನ್ನನಾಳ, ಬಾಯಿಯ ಆಪರೇಷನ್‌ಗಳಲ್ಲಿ ಮಾತ್ರ ಹೊಲಿಗೆ ಕೂಡುವವರೆಗೆ ಟ್ಯೂಬ್ ಬಳಸುವುದುಂಟು.

ಪಥ್ಯ, ನಂಜು: ಯಾವುದು ನಿಜ, ಯಾವುದು ಸುಳ್ಳು?

"ಮೊಟ್ಟೆ, ಮೀನು, ಬದನೆಕಾಯಿ ತಿಂದರೆ ಗಾಯ ನಂಜಾಗುತ್ತೆ": ಗಾಯಕ್ಕೆ ಸೋಂಕು ತಗುಲುವುದು ಬ್ಯಾಕ್ಟೀರಿಯಾದಿಂದ, ಬದನೆಕಾಯಿಯಿಂದಲ್ಲ. ಅಲರ್ಜಿ ಇಲ್ಲದಿದ್ದರೆ ಮೊಟ್ಟೆ, ಮೀನು ಗಾಯ ಮಾಯಲು ಸಹಾಯ ಮಾಡುವ ಆಹಾರ. ಹಿರಿಯರು ಕಾಳಜಿಯಿಂದಲೇ ಪಥ್ಯ ಹೇಳುತ್ತಾರೆ, ಆದರೆ ಕ್ಯಾನ್ಸರ್ ಆಪರೇಷನ್ ಆದವರಿಗೆ ಬೇಳೆ, ಮೊಸರು, ಮೊಟ್ಟೆ ಎಲ್ಲ ಬಿಡಿಸಿದರೆ ಪ್ರೋಟೀನ್ ಬರುವ ದಾರಿಯೇ ಮುಚ್ಚಿಹೋಗುತ್ತದೆ.

"ಸಕ್ಕರೆ ತಿಂದರೆ ಕ್ಯಾನ್ಸರ್ ಬೆಳೆಯುತ್ತೆ, ಉಪವಾಸ ಮಾಡಿದರೆ ಗಡ್ಡೆ ಸಾಯುತ್ತೆ": ಉಪವಾಸ ಬಿದ್ದರೆ ಗಡ್ಡೆಗಿಂತ ಮೊದಲು ಸೊರಗುವುದು ರೋಗಿ. ತೂಕ ಇಳಿಯುತ್ತಿರುವವರು ಆಪರೇಷನ್‌ಗೆ ಮುನ್ನ ಅನ್ನ, ರೊಟ್ಟಿ ಬಿಡುವುದು ಅಪಾಯಕಾರಿ.

"ಗಿಡಮೂಲಿಕೆ ಅಲ್ವಾ, ಏನೂ ಆಗಲ್ಲ": ಬೆಳ್ಳುಳ್ಳಿ ಮಾತ್ರೆ, ಗಿಂಕೊ, ಹೆಚ್ಚಿನ ಪ್ರಮಾಣದ ವಿಟಮಿನ್ ಇ ರಕ್ತ ಹೆಪ್ಪುಗಟ್ಟುವುದರ ಮೇಲೆ ಪರಿಣಾಮ ಬೀರಬಹುದು. ಮನೆಯಲ್ಲಿ ತೆಗೆದುಕೊಳ್ಳುತ್ತಿರುವ ಎಲ್ಲ ಕಷಾಯ, ಚೂರ್ಣ, ಮಾತ್ರೆಗಳ ಪಟ್ಟಿಯನ್ನು ಆಪರೇಷನ್‌ಗೆ ಕನಿಷ್ಠ ಎರಡು ವಾರ ಮೊದಲೇ ವೈದ್ಯರಿಗೆ ಕೊಡಿ. ಅಡುಗೆಗೆ ಹಾಕುವ ಬೆಳ್ಳುಳ್ಳಿಗೆ ಹೆದರಬೇಕಿಲ್ಲ.

ಊರು ಬಿಟ್ಟು ಚಿಕಿತ್ಸೆಗೆ ಬಂದವರಿಗೆ

ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯಿಂದ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಗೆ, ಹೈದರಾಬಾದ್, ಪುಣೆಯ ಆಸ್ಪತ್ರೆಗಳಿಗೆ ಹೋಗುವ ರೋಗಿಗಳು ಅನೇಕರು. ಲಾಡ್ಜ್‌ನಲ್ಲೋ, ಧರ್ಮಶಾಲೆಯಲ್ಲೋ ಉಳಿದಾಗ ಅಡುಗೆ ವ್ಯವಸ್ಥೆ ಇರುವುದಿಲ್ಲ. ವಡಾಪಾವ್, ಬಿಸ್ಕತ್ತು, ಚಹಾದಲ್ಲೇ ದಿನ ಕಳೆಯುತ್ತದೆ. ಸರಿಯಾಗಿ ತಿನ್ನಲೇಬೇಕಾದ ದಿನಗಳೂ ಅವೇ ಆಗಿರುತ್ತವೆ.

ಹೊರಡುವಾಗಲೇ ಹುರಿಹಿಟ್ಟು, ಶೇಂಗಾ ಚಟ್ನಿಪುಡಿ, ಹಾಲಿನ ಪುಡಿ, ಹುರಿಗಡಲೆ ಕಟ್ಟಿಕೊಳ್ಳಿ. ಬೇಯಿಸಿದ ಮೊಟ್ಟೆ, ಪ್ಯಾಕೆಟ್ ಹಾಲು, ಮೊಸರು ಎಲ್ಲ ಊರಲ್ಲೂ ಸಿಗುತ್ತವೆ. ಡಯಟಿಷಿಯನ್ ಹಿಂದಿಯಲ್ಲಿ ದಲಿಯಾ, ಖಿಚಡಿ ಎಂದು ಬರೆದುಕೊಟ್ಟರೆ ಸುಮ್ಮನೆ ತಲೆಯಾಡಿಸಿ ಬರಬೇಡಿ. "ನಾವು ತಿನ್ನುವುದು ಜೋಳದ ರೊಟ್ಟಿ, ಮುದ್ದೆ, ಅನ್ನ ಸಾರು" ಎಂದು ಹೇಳಿ, ಅದಕ್ಕೇ ಲೆಕ್ಕ ಹಾಕಿಸಿಕೊಳ್ಳಿ. ಭಾಷೆ ಬಾರದಿದ್ದರೆ ಆ ಊರಲ್ಲಿರುವ ಕನ್ನಡ ಬಲ್ಲ ನೆಂಟರು, ಪರಿಚಯದವರು ಈ ಒಂದು ಭೇಟಿಗಾದರೂ ಜತೆಗೆ ಹೋದರೆ ದೊಡ್ಡ ಉಪಕಾರ.

ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಆದ ಕೂಡಲೇ ಲೆಕ್ಕ ಬಿಡಬೇಡಿ. ವಾರಕ್ಕೊಮ್ಮೆ ಒಂದೇ ಯಂತ್ರದಲ್ಲಿ, ಒಂದೇ ಸಮಯಕ್ಕೆ ತೂಕ ನೋಡಿ ಬರೆದಿಡಿ. ಜಠರ ತೆಗೆದವರು ಒಮ್ಮೆಗೇ ಹೆಚ್ಚು ತಿನ್ನದೆ ದಿನಕ್ಕೆ ಆರೇಳು ಬಾರಿ ಸ್ವಲ್ಪ ಸ್ವಲ್ಪ ತಿನ್ನಬೇಕು. ಪೂರ್ತಿ ಜಠರ ತೆಗೆದಿದ್ದರೆ ವಿಟಮಿನ್ ಬಿ12 ಅನ್ನು ಜೀವನಪೂರ್ತಿ, ಹೆಚ್ಚಾಗಿ ಇಂಜೆಕ್ಷನ್ ಮೂಲಕ, ತೆಗೆದುಕೊಳ್ಳಬೇಕಾಗುತ್ತದೆ. ತೂಕ ಇಳಿಯುತ್ತಲೇ ಇದ್ದರೆ, ಎರಡು ದಿನಕ್ಕಿಂತ ಹೆಚ್ಚು ಊಟ ಸೇರದಿದ್ದರೆ, ಪದೇ ಪದೇ ವಾಂತಿ, ಜ್ವರ, ಗಾಯದಿಂದ ಕೀವು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಸರ್ಜನ್ ಬಳಿ ಕೇಳಬೇಕಾದ ಐದು ಪ್ರಶ್ನೆ

1. ಇವರ ತೂಕ ಶೇಕಡ ಎಷ್ಟು ಇಳಿದಿದೆ, ಇದು ಅಪಾಯದ ಮಟ್ಟವೇ?

2. ಆಪರೇಷನ್‌ಗೆ ಮೊದಲು ಡಯಟಿಷಿಯನ್ ಅವರನ್ನು ಭೇಟಿ ಮಾಡಬಹುದೇ?

3. ದಿನಕ್ಕೆ ಎಷ್ಟು ಗ್ರಾಂ ಪ್ರೋಟೀನ್ ಬೇಕು, ಊಟದಿಂದಲೇ ಸಿಗುತ್ತದೆಯೇ, ಪೂರಕ ಬೇಕೇ?

4. ಊಟ ಮತ್ತು ನೀರು ಯಾವ ಗಂಟೆಗೆ ನಿಲ್ಲಿಸಬೇಕು?

5. ಆಪರೇಷನ್ ನಂತರ ಯಾವಾಗ, ಏನು ಶುರು ಮಾಡಬಹುದು?

ಆಪರೇಷನ್ ಮಾಡುವುದು ಸರ್ಜನ್ ಕೆಲಸ. ಆದರೆ ಅದಕ್ಕೆ ದೇಹವನ್ನು ಸಿದ್ಧಗೊಳಿಸುವ ಕೆಲಸದಲ್ಲಿ ಮನೆಯ ಅಡುಗೆಮನೆಗೂ ಪಾಲಿದೆ. ಅದಕ್ಕೆ ಬೇಕಾದ ಮೊದಲ ವಸ್ತು ಪೌಡರ್ ಡಬ್ಬಿಯಲ್ಲ, ತೂಕದ ಯಂತ್ರ ಮತ್ತು ತಿಂದದ್ದನ್ನು ಬರೆದಿಡುವ ಒಂದು ನೋಟ್‌ಬುಕ್.

(ಗಮನಿಸಿ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಪ್ರತಿ ರೋಗಿಯ ಸ್ಥಿತಿ ಬೇರೆಯಾಗಿರುತ್ತದೆ. ಆಹಾರ, ಪೂರಕ ಅಥವಾ ಔಷಧದಲ್ಲಿ ಯಾವುದೇ ಬದಲಾವಣೆ ಮಾಡುವ ಮುನ್ನ ಚಿಕಿತ್ಸೆ ನೀಡುತ್ತಿರುವ ವೈದ್ಯರ ಸಲಹೆ ಪಡೆಯಿರಿ.)